ಕಬ್ಬು ಸಾಗಣೆಯ ಹಂಗಾಮು: ಟ್ರ್ಯಾಕ್ಟರ್-ಟ್ರೇಲರ್ ಮತ್ತು ಲಾರಿಗಳ ತೂಕದ ಮಿತಿ ಹಾಗೂ ಚಾಲನಾ ಪರವಾನಗಿ

ಕಬ್ಬು ನುರಿಸುವ ಹಂಗಾಮು ಆರಂಭವಾದೊಡನೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರಸ್ತೆಗಳಲ್ಲಿ ಒಂದೇ ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್‌ಗಳು ಮೂತಿಮಟ್ಟ ಕಬ್ಬು ಹೊತ್ತು ಸಾಗುವ ದೃಶ್ಯ ಸಾಮಾನ್ಯ. ಕಟಾವು, ಗೊಬ್ಬರ, ರೋಗ ನಿರ್ವಹಣೆಯ ಬಗೆಗೆ ರೈತ ಬಾಂಧವರು ತಜ್ಞರಲ್ಲಿ ವಿಚಾರಿಸುತ್ತಾರೆ. ಆದರೆ ಹೊಲದ ಬದುವಿನಿಂದ ಕಾರ್ಖಾನೆಯ ಗೇಟಿನವರೆಗಿನ ಹಾದಿಯ ಕಾನೂನನ್ನು ವಿಚಾರಿಸುವವರು ಕಡಿಮೆ. ಒಂದು ಅಪಘಾತವಾದ ಮೇಲೆ, ಇಲ್ಲವೇ ದಂಡದ ಚೀಟಿ ಕೈಗೆ ಬಂದ ಮೇಲೆ, ‘ಇಷ್ಟು ವರ್ಷ ಹೀಗೇ ಹೊಡೆದಿದ್ದೇವಲ್ಲ’ ಎಂಬ ಮಾತು ಕೇಳಿಬರುತ್ತದೆ. ಈ ಲೇಖನದಲ್ಲಿ ಎರಡು ಪ್ರಶ್ನೆಗಳಿಗೆ ಉತ್ತರ ನೀಡಲು ಪ್ರಯತ್ನಿಸಲಾಗಿದೆ: ಎಷ್ಟು ಭಾರ ಹೇರಬಹುದು, ಮತ್ತು ಯಾರು ಚಲಾಯಿಸಬಹುದು.

ಆರ್.ಸಿ.ಯಲ್ಲಿರುವ ಎರಡು ಅಂಕಿಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕಾರ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಅದಕ್ಕೆ ಎಂಜಿನ್ ಇಲ್ಲವೆಂಬ ಕಾರಣಕ್ಕೆ ನೋಂದಣಿಯಿಂದ ವಿನಾಯಿತಿ ಇಲ್ಲ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಕಟ್ಟಿಸಿ, ಬಣ್ಣ ಬಳಿದು, ನೋಂದಣಿ ಮಾಡಿಸದೆ ರಸ್ತೆಗಿಳಿಸಿದ ಟ್ರೇಲರ್ ಮುಂದಿನ ಎಲ್ಲ ತೊಂದರೆಗಳಿಗೆ ಮೂಲವಾಗುತ್ತದೆ. ಟ್ರೇಲರ್‌ಗೆ ಕೊಟ್ಟ ನೋಂದಣಿ ಸಂಖ್ಯೆಯನ್ನು ಅದರ ಪಕ್ಕದ ಮೇಲೆ ಬರೆಸಬೇಕು. ಎಳೆಯುವ ಟ್ರ್ಯಾಕ್ಟರಿನ ಸಂಖ್ಯೆಯನ್ನು ಟ್ರೇಲರ್‌ನ ಮೇಲೆಯೂ, ಒಂದಕ್ಕಿಂತ ಹೆಚ್ಚು ಟ್ರೇಲರ್‌ಗಳಿದ್ದರೆ ಕೊನೆಯದರ ಮೇಲೆಯೂ ಪ್ರದರ್ಶಿಸಬೇಕು ಎಂದು ಅಧಿನಿಯಮದ 61ನೇ ಪ್ರಕರಣ ಹೇಳುತ್ತದೆ.

ನೋಂದಣಿ ಪ್ರಮಾಣಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಎರಡು ತೂಕಗಳು ನಮೂದಾಗಿರುತ್ತವೆ. ಮೊದಲನೆಯದು ಖಾಲಿ ತೂಕ: ಚಾಲಕ ಮತ್ತು ಸಹಾಯಕರನ್ನು ಬಿಟ್ಟು, ವಾಹನ ಹಾಗೂ ಅದರ ಮಾಮೂಲಿ ಸಲಕರಣೆಗಳ ತೂಕ. ಎರಡನೆಯದು ಒಟ್ಟು ವಾಹನ ತೂಕ: ವಾಹನ ಮತ್ತು ಹೇರು ಎರಡೂ ಸೇರಿ ನೋಂದಣಿ ಪ್ರಾಧಿಕಾರ ಅನುಮತಿಸಿದ ಗರಿಷ್ಠ ತೂಕ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದೇ ನೀವು ಹೇರಬಹುದಾದ ಭಾರ. ಉದಾಹರಣೆಗೆ, ಒಂದು ಟ್ರೇಲರ್‌ನ ಖಾಲಿ ತೂಕ 1,700 ಕೆ.ಜಿ., ಒಟ್ಟು ತೂಕ 6,500 ಕೆ.ಜಿ. ಎಂದಿದ್ದರೆ ಅದರಲ್ಲಿ 4,800 ಕೆ.ಜಿ. ಕಬ್ಬು ಹೇರಬಹುದು; 50 ಕೆ.ಜಿ.ಯ ಮೆಕ್ಕೆಜೋಳದ ಚೀಲಗಳಾದರೆ 96. ಟ್ರೇಲರ್‌ನ ಪಕ್ಕದ ಹಲಗೆ ಎಷ್ಟು ಎತ್ತರವಿದೆ, ಟ್ರ್ಯಾಕ್ಟರ್ ಎಷ್ಟು ಅಶ್ವಶಕ್ತಿಯದು, ಪಕ್ಕದ ಊರಿನವರು ಎಷ್ಟು ಹೇರುತ್ತಾರೆ ಎಂಬ ಯಾವುದೂ ಈ ಲೆಕ್ಕದಲ್ಲಿ ಬರುವುದಿಲ್ಲ.

ಬಾಡಿಗೆ ಲಾರಿಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಕೇಂದ್ರ ಸರ್ಕಾರ 2018ರ ಜುಲೈನಲ್ಲಿ ಅಚ್ಚುಗಳ ಮೇಲಿನ ತೂಕದ ಮಿತಿಯನ್ನು ಏರಿಸಿತು. ಅದರಂತೆ ಎರಡು ಅಚ್ಚಿನ ಆರು ಚಕ್ರದ ಲಾರಿಯ ಒಟ್ಟು ತೂಕದ ಮಿತಿ 16.2 ಟನ್‌ನಿಂದ 18.5 ಟನ್‌ಗೆ, ಮೂರು ಅಚ್ಚಿನ ಹತ್ತು ಚಕ್ರದ ಲಾರಿಯದು 25 ಟನ್‌ನಿಂದ 28.5 ಟನ್‌ಗೆ ಏರಿತು. ಇವು ವಾಹನದ ವರ್ಗಕ್ಕೆ ಸರ್ಕಾರ ವಿಧಿಸಿದ ಗರಿಷ್ಠ ಮಿತಿಗಳು. ನಿರ್ದಿಷ್ಟ ಲಾರಿಯ ಆರ್.ಸಿ.ಯಲ್ಲಿ ಅದಕ್ಕಿಂತ ಕಡಿಮೆ ತೂಕ ನಮೂದಾಗಿದ್ದರೆ ಆ ಕಡಿಮೆ ತೂಕವೇ ಆ ಲಾರಿಗೆ ಮಿತಿ. ‘ಸರ್ಕಾರ ಟನ್ ಹೆಚ್ಚಿಸಿದೆ’ ಎಂಬ ಚಾಲಕರ ಮಾತನ್ನು ನಂಬುವ ಮೊದಲು ಆರ್.ಸಿ. ನೋಡುವುದು ಒಳ್ಳೆಯದು.

ಎಳೆಯುವ ಶಕ್ತಿ ಬೇರೆ, ನಿಲ್ಲಿಸುವ ಶಕ್ತಿ ಬೇರೆ

ತೂಕದ ಮಿತಿಯನ್ನು ಕೇವಲ ದಂಡ ವಸೂಲಿಯ ಉಪಾಯವೆಂದು ಭಾವಿಸುವವರಿದ್ದಾರೆ. ಟ್ರ್ಯಾಕ್ಟರಿನ ವಿಷಯದಲ್ಲಿ ಈ ಭಾವನೆ ಅಪಾಯಕಾರಿ. ಟ್ರ್ಯಾಕ್ಟರ್ ಕಡಿಮೆ ವೇಗದಲ್ಲಿ ಹೆಚ್ಚು ಎಳೆಯುವಂತೆ ರಚಿತವಾದ ಯಂತ್ರ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ 50 ಅಶ್ವಶಕ್ತಿಯ ಟ್ರ್ಯಾಕ್ಟರ್ 20 ಟನ್ ಎಳೆದುಕೊಂಡು ಹೋಗುವುದು ಆಶ್ಚರ್ಯವಲ್ಲ. ಆದರೆ ಬಹುಪಾಲು ಟ್ರ್ಯಾಕ್ಟರ್‌ಗಳಲ್ಲಿ ಬ್ರೇಕ್ ಇರುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಊರುಗಳಲ್ಲಿ ಬಳಸುವ ಟ್ರೇಲರ್‌ಗಳಲ್ಲಿ ಅನೇಕವಕ್ಕೆ ಬ್ರೇಕೇ ಇರುವುದಿಲ್ಲ. ಹೀಗಾಗಿ ಇಡೀ ಸಾಲನ್ನು ನಿಲ್ಲಿಸುವ ಹೊಣೆ ಎರಡು ಚಕ್ರಗಳ ಮೇಲೆ ಬೀಳುತ್ತದೆ.

ಸರಳ ಲೆಕ್ಕವೊಂದನ್ನು ಮಾಡೋಣ. ಟ್ರ್ಯಾಕ್ಟರಿನ ತೂಕ 2 ಟನ್, ಅದರಲ್ಲಿ ಹಿಂದಿನ ಚಕ್ರಗಳ ಮೇಲೆ ಬೀಳುವುದು 1,300 ಕೆ.ಜಿ. ಎಂದುಕೊಳ್ಳಿ. ಒಣ ಡಾಂಬರಿನ ಮೇಲೆ ಚಕ್ರ ಜಾರುವ ಮೊದಲು ಬ್ರೇಕಿನಿಂದ ದೊರೆಯುವ ಹಿಡಿತ ಸುಮಾರು 800 ಕೆ.ಜಿ. ಬಲದಷ್ಟು. ಇದಕ್ಕೆ ಚಕ್ರಗಳ ಉರುಳುವಿಕೆಗೆ ರಸ್ತೆ ಒಡ್ಡುವ ತಡೆ ಸೇರುತ್ತದೆ. ನಾಲ್ಕು ಚಕ್ರದ ಒಂದೇ ಟ್ರೇಲರ್ ಇದ್ದು ಸಾಲಿನ ಒಟ್ಟು ತೂಕ 9 ಟನ್ ಆಗಿದ್ದರೆ, ಗಂಟೆಗೆ 20 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಲು ಸಮತಟ್ಟು ರಸ್ತೆಯಲ್ಲಿ ಸುಮಾರು 15 ಮೀಟರ್ ಬೇಕು. ಎರಡು ಟ್ರೇಲರ್‌ಗಳಲ್ಲಿ ತುಂಬಿ ಒಟ್ಟು ತೂಕ 22 ಟನ್ ಆದರೆ ಬೇಕಾಗುವ ದೂರ ಸುಮಾರು 29 ಮೀಟರ್. ಚಾಲಕ ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಕಳೆಯುವ ಒಂದು ಸೆಕೆಂಡಿಗೆ ಇನ್ನೂ ಐದೂವರೆ ಮೀಟರ್ ಸೇರಿಸಿಕೊಳ್ಳಬೇಕು.

ಇಳಿಜಾರಿನಲ್ಲಿ ಈ ಲೆಕ್ಕ ಇನ್ನಷ್ಟು ಕಠಿಣವಾಗುತ್ತದೆ. 20 ಅಡಿ ಸಾಗಿದರೆ 1 ಅಡಿ ಇಳಿಯುವ ರಸ್ತೆಯಲ್ಲಿ (ಕಾಲುವೆ ಸೇತುವೆಗಳ ಎರಡೂ ಬದಿಯಲ್ಲಿ ಇಂತಹ ಇಳುಕಲು ಅಪರೂಪವಲ್ಲ) 22 ಟನ್ ಸಾಲನ್ನು ಕೆಳಕ್ಕೆ ಎಳೆಯುವ ಬಲವೇ 1,100 ಕೆ.ಜಿ.ಯಷ್ಟಾಗುತ್ತದೆ. ಬ್ರೇಕು ಮತ್ತು ರಸ್ತೆಯ ತಡೆ ಎರಡೂ ಸೇರಿ ಒದಗಿಸುವುದು ಸುಮಾರು 1,200 ಕೆ.ಜಿ. ಉಳಿಯುವ ನೂರು ಕೆ.ಜಿ. ಬಲದಿಂದ ಆ ಸಾಲು ನಿಲ್ಲಬೇಕಾದರೆ ಮುನ್ನೂರು ಮೀಟರ್‌ಗೂ ಹೆಚ್ಚು ದೂರ ಬೇಕು. ಅಂದರೆ ಅದು ನಿಲ್ಲುವುದಿಲ್ಲ ಎಂದೇ ತಿಳಿಯಬೇಕು. ರಸ್ತೆಯ ಮೇಲೆ ಮಣ್ಣು, ಕಬ್ಬಿನ ರವದಿ ಅಥವಾ ಮಂಜಿನ ತೇವವಿದ್ದರೆ ಹಿಡಿತ ಇನ್ನೂ ಕಡಿಮೆ. ಅದೇ ಇಳಿಜಾರಿನಲ್ಲಿ 9 ಟನ್ ಸಾಲು 28 ಮೀಟರಿನೊಳಗೆ ನಿಲ್ಲುತ್ತದೆ.

ಆದ್ದರಿಂದ ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬದಲಾಯಿಸಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವುದು ಅಥವಾ ಕ್ಲಚ್ ಒತ್ತಿ ಹಿಡಿಯುವುದು ಸರ್ವಥಾ ಸಲ್ಲದು. ಎಂಜಿನ್ ನೀಡುವ ತಡೆಯೂ ಆಗ ಕೈತಪ್ಪುತ್ತದೆ. ಹೊಲದಲ್ಲಿ ತಿರುವಿಗಾಗಿ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಬಿಡಿಸಿಕೊಂಡಿರುತ್ತೇವೆ. ರಸ್ತೆಗೆ ಬರುವ ಮೊದಲು ಅವೆರಡನ್ನೂ ಕೊಂಡಿ ಹಾಕಿ ಜೋಡಿಸಲೇಬೇಕು. ಒಂದೇ ಪೆಡಲ್ ಒತ್ತಿದರೆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ತಿರುಗುತ್ತದೆ, ಹಿಂದಿನ ಟ್ರೇಲರ್ ಅದನ್ನು ಅಡ್ಡಡ್ಡಲಾಗಿ ದೂಡುತ್ತದೆ. ಚಾಲಕರು ಅತಿ ಹೆಚ್ಚು ಮರೆಯುವುದು ಈ ಸಣ್ಣ ಕೊಂಡಿಯನ್ನು.

ದಂಡದ ಲೆಕ್ಕ

2019ರಲ್ಲಿ ತಿದ್ದುಪಡಿಯಾದ ಅಧಿನಿಯಮದ 194ನೇ ಪ್ರಕರಣದಂತೆ, ಅನುಮತಿಗಿಂತ ಹೆಚ್ಚು ಭಾರ ಹೇರಿದರೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಹೆಚ್ಚುವರಿ ಭಾರವನ್ನು ಇಳಿಸುವ ಖರ್ಚೂ ವಾಹನದವರದೇ, ಮತ್ತು ಇಳಿಸುವವರೆಗೆ ವಾಹನವನ್ನು ಮುಂದೆ ಬಿಡುವಂತಿಲ್ಲ. ಹೇರು ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಎತ್ತರದಲ್ಲಿ ಮಿತಿ ಮೀರಿ ಚಾಚಿಕೊಂಡಿದ್ದರೆ ಅದಕ್ಕೆ ಪ್ರತ್ಯೇಕವಾಗಿ 20,000 ರೂಪಾಯಿ ದಂಡವಿದೆ. ಒಣ ಮೇವು, ಹೊಟ್ಟು, ಹತ್ತಿಯಂತಹ ಹಗುರ ಹೇರುಗಳಲ್ಲಿ ತೂಕ ಮಿತಿಯೊಳಗಿದ್ದರೂ ತೊಂದರೆಯಾಗುವುದು ಇಲ್ಲಿಯೇ. ತೂಕ ಮಾಡಿಸಲು ವಾಹನ ನಿಲ್ಲಿಸದೆ ಹೋದರೆ, ಅಥವಾ ತೂಗುವ ಮೊದಲು ಭಾರವನ್ನು ಇಳಿಸಿಬಿಟ್ಟರೆ, ದಂಡ 40,000 ರೂಪಾಯಿ. ಇವು ಅಧಿನಿಯಮದಲ್ಲಿರುವ ಮೊತ್ತಗಳು. ನ್ಯಾಯಾಲಯಕ್ಕೆ ಹೋಗದೆ ಅಧಿಕಾರಿಗಳ ಬಳಿಯೇ ಕಟ್ಟಬಹುದಾದ ರಾಜಿ ಮೊತ್ತವನ್ನು ರಾಜ್ಯ ಸರ್ಕಾರ ಅಧಿಸೂಚನೆಯ ಮೂಲಕ ನಿಗದಿಪಡಿಸುತ್ತದೆ.

ಅಧಿಕೃತ ಅಧಿಕಾರಿಯು ಸಂಶಯ ಬಂದಲ್ಲಿ, ವಾಹನ ಮುಂದೆ ಸಾಗುವ ಹಾದಿಯ ಯಾವುದೇ ಸ್ಥಳದಿಂದ 10 ಕಿ.ಮೀ. ಒಳಗಿನ ಅಥವಾ ತಲುಪಬೇಕಾದ ಸ್ಥಳದಿಂದ 20 ಕಿ.ಮೀ. ಒಳಗಿನ ವೇ ಬ್ರಿಡ್ಜ್‌ಗೆ ವಾಹನವನ್ನು ಒಯ್ಯುವಂತೆ ಹೇಳಬಹುದು.

ಈ ಮೊತ್ತವನ್ನು ಬೆಳೆಯ ಬೆಲೆಯೊಡನೆ ಹೋಲಿಸಿ ನೋಡಬೇಕು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಎಫ್.ಆರ್.ಪಿ. ದರ, ಶೇ. 10.25 ಇಳುವರಿಗೆ, ಕ್ವಿಂಟಲಿಗೆ 355 ರೂಪಾಯಿ. ಈ ದರದಲ್ಲಿ 5 ಟನ್ ಕಬ್ಬಿನ ಬೆಲೆ 17,750 ರೂಪಾಯಿ. 5 ಟನ್ ಹೆಚ್ಚು ಹೇರಿದ್ದಕ್ಕೆ ಅಧಿನಿಯಮದ ದಂಡ 30,000 ರೂಪಾಯಿ. ಸಾಗಣೆಯಲ್ಲಿ ಒಂದು ಟ್ರಿಪ್ ಉಳಿಸಲು ಹೋಗಿ, ಆ ಹೆಚ್ಚುವರಿ ಕಬ್ಬಿನ ಪೂರ್ಣ ಬೆಲೆಗಿಂತ ಹೆಚ್ಚು ಕಳೆದುಕೊಳ್ಳುವ ವ್ಯವಹಾರವಿದು. ಇನ್ನೊಂದು ಮಾತು: ವಾಹನ ಓಡಿಸಿದವರಷ್ಟೇ ಅಲ್ಲ, ಓಡಿಸಲು ಬಿಟ್ಟವರೂ ಈ ಪ್ರಕರಣದ ವ್ಯಾಪ್ತಿಗೆ ಬರುತ್ತಾರೆ. ಚಾಲಕ ಬೇರೆಯವನಾಗಿದ್ದರೆ, ಮಾಲೀಕನ ಅರಿವಿನಲ್ಲಿಯೇ ಹೆಚ್ಚು ಭಾರ ಹೇರಲಾಗಿದೆ ಎಂದು ನ್ಯಾಯಾಲಯ ಭಾವಿಸಬಹುದು ಎಂದು 113ನೇ ಪ್ರಕರಣದಲ್ಲಿದೆ. ಕಾರ್ಖಾನೆಯ ತೂಕದ ಚೀಟಿಯಲ್ಲಿ ಒಟ್ಟು ತೂಕ, ಖಾಲಿ ತೂಕ, ನಿವ್ವಳ ತೂಕ ಮೂರೂ ಮುದ್ರಿತವಾಗಿರುತ್ತವೆ ಎಂಬುದನ್ನೂ ನೆನಪಿಡಬೇಕು. ಬಿಲ್ಲಿಗಾಗಿ ಕಾಯ್ದಿಟ್ಟ ಆ ಚೀಟಿ, ಎಷ್ಟು ಹೇರಲಾಗಿತ್ತು ಎಂಬುದಕ್ಕೂ ದಾಖಲೆಯೇ.

ಹೊಲದಲ್ಲಿ ತೂಕದ ಯಂತ್ರ ಇರುವುದಿಲ್ಲ, ಅಳತೆ ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದು. ಹಂಗಾಮಿನ ಮೊದಲ ಟ್ರಿಪ್ಪನ್ನು ಉದ್ದೇಶಪೂರ್ವಕವಾಗಿ ಕಡಿಮೆ ಹೇರಿ ಕಳುಹಿಸಿ, ಕಬ್ಬು ಎಷ್ಟು ಎತ್ತರಕ್ಕಿತ್ತು ಎಂಬುದನ್ನು ಟ್ರೇಲರ್‌ನ ಗೂಟದ ಮೇಲೆ ಗುರುತು ಮಾಡಿಕೊಳ್ಳಿ. ತೂಕದ ಚೀಟಿ ಬಂದ ಮೇಲೆ ಅನುಮತಿಸಿದ ಭಾರಕ್ಕೆ ಸರಿಹೊಂದುವ ಎತ್ತರವನ್ನು ಲೆಕ್ಕಹಾಕಿ ಬಣ್ಣದ ಗೆರೆ ಎಳೆಯಬಹುದು. ತಳಿ, ಕಬ್ಬಿನ ದಪ್ಪ ಮತ್ತು ಕಟ್ಟಿನ ಬಿಗುವಿಗೆ ತಕ್ಕಂತೆ ತೂಕ ಸ್ವಲ್ಪ ವ್ಯತ್ಯಾಸವಾಗುವುದರಿಂದ ಗೆರೆಯನ್ನು ಒಂದು ಗೇಣು ಕೆಳಗೆ ಎಳೆಯುವುದು ಕ್ಷೇಮ. ಕಟಾವಿನ ಗ್ಯಾಂಗಿನವರಿಗೆ ಬಾಯಿಮಾತಿಗಿಂತ ಕಣ್ಣಿಗೆ ಕಾಣುವ ಗೆರೆ ಹೆಚ್ಚು ಉಪಯುಕ್ತ.

ಯಾವ ವಾಹನಕ್ಕೆ ಯಾವ ಪರವಾನಗಿ

ಇಲ್ಲಿ ನೆನಪಿಡಬೇಕಾದ ಅಂಕಿ 7,500 ಕೆ.ಜಿ. ಖಾಲಿ ತೂಕ 7,500 ಕೆ.ಜಿ. ಮೀರದ ಟ್ರ್ಯಾಕ್ಟರ್ ಮತ್ತು ಒಟ್ಟು ವಾಹನ ತೂಕ 7,500 ಕೆ.ಜಿ. ಮೀರದ ಸರಕು ವಾಹನ ಎರಡೂ ‘ಲಘು ಮೋಟಾರು ವಾಹನ’ ಎಂಬ ವರ್ಗಕ್ಕೆ ಸೇರುತ್ತವೆ. ಟ್ರ್ಯಾಕ್ಟರಿಗೆ ಖಾಲಿ ತೂಕ, ಸರಕು ವಾಹನಕ್ಕೆ ಒಟ್ಟು ತೂಕ ಎಂಬ ಈ ಭೇದವನ್ನು ಗಮನಿಸಬೇಕು. ನಮ್ಮ ಕೃಷಿ ಟ್ರ್ಯಾಕ್ಟರ್‌ಗಳು ಈ ಮಿತಿಗಿಂತ ಬಹಳ ಹಗುರವಾದ್ದರಿಂದ ಎಲ್.ಎಂ.ವಿ. ಪರವಾನಗಿ ಉಳ್ಳವರು ಅವುಗಳನ್ನು ಚಲಾಯಿಸಬಹುದು. ಟ್ರ್ಯಾಕ್ಟರ್ ಚಲಾಯಿಸಲು ಪರವಾನಗಿ ಉಳ್ಳವನು, ಅದಕ್ಕೆ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ತೀರ್ಪು ನೀಡಿದೆ.

ತರಕಾರಿ, ಹಾಲು, ಹೂವು ಸಾಗಿಸುವ ಟಾಟಾ ಏಸ್‌ನಂತಹ ಸಣ್ಣ ವಾಹನಗಳು ಹಾಗೂ ಪಿಕಪ್‌ಗಳ ಬಗೆಗೆ ಬಹುಕಾಲ ಗೊಂದಲವಿತ್ತು. ಎಲ್.ಎಂ.ವಿ. ಪರವಾನಗಿ ಇದ್ದರೂ ಸಾರಿಗೆ ವಾಹನದ ಪ್ರತ್ಯೇಕ ನಮೂದು ಇಲ್ಲವೆಂದು ವಿಮಾ ಕಂಪನಿಗಳು ಪರಿಹಾರ ನಿರಾಕರಿಸುತ್ತಿದ್ದವು. ಒಟ್ಟು ತೂಕ 7,500 ಕೆ.ಜಿ. ಒಳಗಿದ್ದರೆ ಅಂತಹ ಪ್ರತ್ಯೇಕ ನಮೂದು ಬೇಕಿಲ್ಲವೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಸಣ್ಣ ರೈತರಿಗೆ ಇದು ನಿಜವಾದ ನೆಮ್ಮದಿ.

7,500 ಕೆ.ಜಿ. ಮೀರಿದ ಲಾರಿಗೆ ಮಾತ್ರ ಸಾರಿಗೆ ವಾಹನದ ಪರವಾನಗಿ ಕಡ್ಡಾಯ. ಅದಕ್ಕೆ 20 ವರ್ಷ ತುಂಬಿರಬೇಕು. ಕಲಿಕಾ ಪರವಾನಗಿಗೆ ಅರ್ಜಿ ಹಾಕುವ ಮೊದಲು ಕನಿಷ್ಠ ಒಂದು ವರ್ಷ ಎಲ್.ಎಂ.ವಿ. ಪರವಾನಗಿ ಹೊಂದಿರಬೇಕು, ನಮೂನೆ 1-ಎ ವೈದ್ಯಕೀಯ ಪ್ರಮಾಣಪತ್ರ ಮತ್ತು ಮಾನ್ಯತೆ ಪಡೆದ ಚಾಲನಾ ಶಾಲೆಯ ತರಬೇತಿ ಪ್ರಮಾಣಪತ್ರ ಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ಹಳೆಯ ನಿಬಂಧನೆಯನ್ನು 2019ರಲ್ಲಿ ಕೈಬಿಡಲಾಗಿದೆ. ಶಾಲೆ ಬಿಟ್ಟ ಕಾರಣಕ್ಕೆ ಹಿಂದೆ ಸರಿದಿದ್ದ ನುರಿತ ಚಾಲಕರಿಗೆ ವಿಸ್ತರಣಾ ಕಾರ್ಯಕರ್ತರು ಈ ಸಂಗತಿಯನ್ನು ತಿಳಿಸಬೇಕು. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ಸಣ್ಣ ಲಾರಿಗಳಲ್ಲಿ ಕೆಲವು 7,500ರ ಒಳಗಿರುತ್ತವೆ, ಕೆಲವು ಮೀರಿರುತ್ತವೆ. ಇಲ್ಲಿಯೂ ಆರ್.ಸಿ. ನೋಡಿಯೇ ತೀರ್ಮಾನಿಸಬೇಕು.

ಸಾರಿಗೆ ವಾಹನದ ಪರವಾನಗಿಯ ಅವಧಿ ಐದು ವರ್ಷ. ಅವಧಿ ಮುಗಿದ ಮೇಲೆ 30 ದಿನ ನಡೆಯುತ್ತದೆ ಎಂಬ ನಂಬಿಕೆ ಇನ್ನೂ ಹಳ್ಳಿಗಳಲ್ಲಿದೆ. ಆ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ರದ್ದಾಗಿದೆ. ಮುಗಿದ ದಿನದ ಮರುದಿನದಿಂದಲೇ ಅದು ಪರವಾನಗಿಯಲ್ಲ. ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಚಾಲನಾ ಪರೀಕ್ಷೆ ಎದುರಿಸಬೇಕು. ಹಂಗಾಮಿಗೆ ಚಾಲಕರನ್ನು ಗೊತ್ತುಮಾಡಿ ಮುಂಗಡ ಕೊಡುವ ದಿನವೇ ಪರವಾನಗಿಯ ದಿನಾಂಕ ಓದಿಕೊಂಡು, ಅದರ ಛಾಯಾಪ್ರತಿ ಇಟ್ಟುಕೊಳ್ಳಿ.

ಮನೆಯ ಹುಡುಗರ ಕೈಗೆ ಟ್ರ್ಯಾಕ್ಟರ್ ಕೊಡುವ ವಾಡಿಕೆಯ ಬಗೆಗೆ ಮೃದುವಾಗಿ ಹೇಳಲು ಸಾಧ್ಯವಿಲ್ಲ. 18 ತುಂಬದವರು ರಸ್ತೆಯಲ್ಲಿ ಚಲಾಯಿಸಿ ಅಪರಾಧವಾದಲ್ಲಿ, 199ಎ ಪ್ರಕರಣದಂತೆ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ, ಆ ಹುಡುಗನಿಗೆ 25 ವರ್ಷದವರೆಗೆ ಪರವಾನಗಿ ಸಿಗುವುದಿಲ್ಲ. ಹಂಗಾಮಿನ ನಡುವೆ ಟ್ರ್ಯಾಕ್ಟರಿನ ನೋಂದಣಿ ಹೋದರೆ ಆ ವರ್ಷದ ಸಾಗಣೆ ಅಲ್ಲಿಗೆ ಮುಗಿದಂತೆ.

ವಿಮೆ ಇದ್ದೂ ಇಲ್ಲದಂತಾಗುವುದು ಯಾವಾಗ

ದಂಡವನ್ನು ಹೇಗೋ ಕಟ್ಟಬಹುದು. ಆದರೆ ಅಪಘಾತದ ಪರಿಹಾರ ಲಕ್ಷಗಳಲ್ಲಿರುತ್ತದೆ. ಚಾಲಕನಿಗೆ ತಕ್ಕ ಪರವಾನಗಿ ಇಲ್ಲದಿರುವುದು, ಬಾಡಿಗೆಗೆ ರಹದಾರಿ ಇಲ್ಲದ ವಾಹನವನ್ನು ಬಾಡಿಗೆಗೆ ಓಡಿಸಿರುವುದು ಮುಂತಾದ ಕಾರಣಗಳನ್ನು ವಿಮಾ ಕಂಪನಿ ಮುಂದೊಡ್ಡಬಹುದು. ಮಾಲೀಕ ಎಚ್ಚರ ವಹಿಸದೆ ನಿಯಮ ಮುರಿದಿದ್ದಾನೆಂದು ಸಾಬೀತಾದರೆ, ಕಂಪನಿ ಮೊದಲು ಸಂತ್ರಸ್ತರಿಗೆ ಹಣ ನೀಡಿ ಅನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುತ್ತವೆ. ಪರಿಹಾರದ ಮೊತ್ತವನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಅಧಿನಿಯಮದ 174ನೇ ಪ್ರಕರಣದಲ್ಲಿ ಅವಕಾಶವಿದೆ. ಭೂಕಂದಾಯದ ಬಾಕಿ ಎಂದರೇನೆಂದು ರೈತರಿಗೆ ವಿವರಿಸಬೇಕಾಗಿಲ್ಲ.

2007ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದ ಪ್ರಕರಣವೊಂದು ಇಲ್ಲಿ ಪ್ರಸ್ತುತ. ಟ್ರ್ಯಾಕ್ಟರಿಗೆ ಕೃಷಿ ಉದ್ದೇಶದ ವಿಮೆಯಿತ್ತು, ಟ್ರೇಲರ್‌ಗೆ ವಿಮೆ ಇರಲಿಲ್ಲ. ಇಟ್ಟಿಗೆ ಭಟ್ಟಿಗೆ ಮಣ್ಣು ಒಯ್ಯುವ ಕೆಲಸದಲ್ಲಿ ಟ್ರೇಲರ್‌ನಲ್ಲಿದ್ದ ಕೂಲಿಕಾರನೊಬ್ಬ ಬಿದ್ದು ಗಾಯಗೊಂಡ. ಅದು ಕೃಷಿ ಕೆಲಸವಲ್ಲ, ಆದ್ದರಿಂದ ವಿಮಾ ಕಂಪನಿ ಹೊಣೆಯಲ್ಲವೆಂದು ನ್ಯಾಯಾಲಯ ಹೇಳಿತು. ಗಾಯಾಳು ಬಡವನೆಂಬ ಕಾರಣಕ್ಕೆ ಕಂಪನಿ ಮೊದಲು ಹಣ ನೀಡಿ, ಅದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಿತು.

ಆದ್ದರಿಂದ ಪಾಲಿಸಿ ನವೀಕರಿಸುವಾಗ ಟ್ರ್ಯಾಕ್ಟರಿನ ಸಂಖ್ಯೆಯೊಡನೆ ಪ್ರತಿ ಟ್ರೇಲರ್‌ನ ಸಂಖ್ಯೆಯೂ ಅದರಲ್ಲಿ ನಮೂದಾಗಿದೆಯೇ ಎಂದು ಓದಿ ನೋಡಬೇಕು. ಸ್ವಂತ ಬೆಳೆ ಸಾಗಿಸುವುದರ ಜೊತೆಗೆ ಇತರರ ಕಬ್ಬು, ಮರಳು, ಇಟ್ಟಿಗೆಗಳನ್ನು ಬಾಡಿಗೆಗೆ ಸಾಗಿಸುವವರು ಕೃಷಿ ನೋಂದಣಿಯನ್ನು ನೆಚ್ಚಿಕೊಳ್ಳದೆ, ಆರ್‌ಟಿಓ ಕಚೇರಿಯಲ್ಲಿ ವಾಹನದ ವರ್ಗ ಮತ್ತು ತೆರಿಗೆ, ವಿಮಾ ಕಂಪನಿಯಲ್ಲಿ ಪಾಲಿಸಿಯ ಉದ್ದೇಶ ಎರಡನ್ನೂ ಸರಿಪಡಿಸಿಕೊಳ್ಳಬೇಕು. ಇಂತಹ ಬಾಡಿಗೆ ಸಾಗಣೆಗೆ ಸಾರಿಗೆ ವಾಹನದ ಪರವಾನಗಿ ಉಳ್ಳ ಚಾಲಕನನ್ನೇ ಇಟ್ಟುಕೊಂಡರೆ ವಿವಾದಕ್ಕೆ ಆಸ್ಪದ ಕಡಿಮೆ ಎಂಬುದು ನಮ್ಮ ಸಲಹೆ. ಕಟಾವಿನ ಗ್ಯಾಂಗಿನ ಹೆಣ್ಣುಮಕ್ಕಳು, ಮಕ್ಕಳು ಹೇರಿನ ಮೇಲೆ, ಕೊಂಡಿಯ ಮೇಲೆ ಅಥವಾ ಮಡ್‌ಗಾರ್ಡ್ ಮೇಲೆ ಕುಳಿತು ಹೋಗುವುದನ್ನು ಯಾವ ಪಾಲಿಸಿಯೂ ನಿರೀಕ್ಷಿಸಿರುವುದಿಲ್ಲ. ಅವರಿಗೆ ಬೇರೆ ವಾಹನದ ಏರ್ಪಾಡು ಮಾಡಬೇಕು.

ಗ್ರಾಮಸಭೆ ಅಥವಾ ಹಂಗಾಮು ಪೂರ್ವ ತರಬೇತಿ ನಡೆಸುವ ವಿಸ್ತರಣಾ ಕಾರ್ಯಕರ್ತರು ರೈತರಿಗೆ ಟ್ರ್ಯಾಕ್ಟರ್ ಮತ್ತು ಟ್ರೇಲರ್‌ಗಳ ಆರ್.ಸಿ., ವಿಮಾ ಪಾಲಿಸಿ, ಚಾಲಕರ ಪರವಾನಗಿ ಮೂರನ್ನೂ ತರಲು ಮುಂಚಿತವಾಗಿ ತಿಳಿಸಬೇಕು. ಪ್ರತಿಯೊಬ್ಬರೂ ತಮ್ಮ ಟ್ರೇಲರ್ ಹೊರಬಹುದಾದ ಭಾರವನ್ನು ತಾವೇ ಕಳೆದು ಬರೆದುಕೊಳ್ಳಲಿ. ದಾಖಲೆಗಳನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಇಟ್ಟುಕೊಂಡರೂ ತಪಾಸಣೆಯಲ್ಲಿ ಮಾನ್ಯ. ಅದೇ ದಿನ ಟ್ರೇಲರ್‌ಗಳ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿಗಳನ್ನು ಅಂಟಿಸುವ ಕೆಲಸವನ್ನೂ ಮುಗಿಸಬಹುದು. ಪಟ್ಟಿಯನ್ನು ಹಲಗೆಯ ಮೇಲ್ಭಾಗಕ್ಕೆ ಅಂಟಿಸಿದರೆ ಜೋತುಬೀಳುವ ಕಬ್ಬಿನ ಸೋಗೆ ಅದನ್ನು ಮುಚ್ಚಿಬಿಡುತ್ತದೆ. ಚಾಸಿಯ ಹಿಂದಿನ ಅಡ್ಡಪಟ್ಟಿಗೇ ಅಂಟಿಸಿ, ರಾತ್ರಿ ಹೊರಡುವ ಮುನ್ನ ಒದ್ದೆ ಬಟ್ಟೆಯಿಂದ ಒರೆಸಬೇಕು.